ಕಾವಿಗೆ ಹನ್ನೆರಡು ಮೊಟ್ಟೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಚೌಕ. ಸುಂಕದ ಕಚೇರಿಯ ಅರ್ಜಿಯಲ್ಲಿ ಹನ್ನೊಂದನೇ ಪ್ರಶ್ನೆಯ ಎದುರಿಗಿದ್ದ ಖಾಲಿ ಚೌಕ. ಬೆಂಕಿಪೊಟ್ಟಣದ ಪಕ್ಕಕ್ಕೆ ಕಪ್ಪು ಮದ್ದು ಬಳಿದಿರುತ್ತಾರಲ್ಲ, ಅಷ್ಟೇ ಅಗಲ. ಪ್ರಶ್ನೆ ಮಾತ್ರ ದೊಡ್ಡದು: ‘ಸರಕು ಯಾವ ಉಪಯೋಗಕ್ಕೆ?’

ಮುಳ್ಳಪ್ಪ ಬೆಳಿಗ್ಗೆ ಎಂಟಕ್ಕೆ ಮೇಜಿನ ಮೇಲಿದ್ದ ಗಡಿಯಾರದ ಚಕ್ರಗಳನ್ನೆಲ್ಲ ಒಂದು ಬದಿಗೆ ಸರಿಸಿ, ನಾಲಿಗೆ ಕಚ್ಚಿಕೊಂಡು, ‘ನಮ್ಮ ಕೋಳಿಯ ಹೊಟ್ಟೆಯಡಿ ಇಟ್ಟು ಮರಿ ಮಾಡಿಸುವುದಕ್ಕೆ’ ಅಂತ ಬರೆಯಲು ಹೊರಟ. ‘ನಮ್ಮ ಕೋಳಿಯ ಹೊ’ ಅನ್ನುವಷ್ಟರಲ್ಲಿ ಚೌಕ ಮುಗಿದುಹೋಯಿತು.

ಮುಳ್ಳಪ್ಪ ಅನ್ನುವುದು ಓಣಿಯವರು ಇಟ್ಟ ಹೆಸರು. ಗಡಿಯಾರದ ಮುಳ್ಳು ಸರಿಮಾಡುವುದು ಅವನ ಕಸುಬು ಅನ್ನುವುದು ಒಂದು ಕಾರಣ. ಮಾತಾಡಿಸಿದರೆ ಚುಚ್ಚುತ್ತಾನೆ ಅನ್ನುವುದು ಇನ್ನೊಂದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಸಾಸಿವೆಯಷ್ಟು ತಿರುಪಿನ ಮುಂದೆ ಮೂರು ಗಂಟೆ ಕೂರಬಲ್ಲ. ಮನುಷ್ಯರ ಮುಂದೆ ಮೂರು ನಿಮಿಷ ಕೂರಲಾರ.

“ಹೊ ಅಂದ್ರೇನಯ್ಯ?”

ಬೆನ್ನ ಹಿಂದೆ ಪಕ್ಕದ ಮನೆಯ ಕರಡು ಮಾವ ನಿಂತಿದ್ದರು. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಅಚ್ಚುಕೂಟ ಅವರನ್ನು ಬಿಟ್ಟಿತ್ತು, ಕರಡು ಬಿಟ್ಟಿರಲಿಲ್ಲ. ಕಿವಿಯ ಹಿಂದೆ ಸದಾ ಒಂದು ಪೆನ್ಸಿಲು. ಔಷಧಿ ಚೀಟಿ, ಬಸ್ಸಿನ ಬೋರ್ಡು, ಪಕ್ಕದವರ ಜಗಳ, ಯಾವುದನ್ನೂ ತಿದ್ದದೆ ಮುಂದೆ ಹೋದವರಲ್ಲ.

“ಹೊಟ್ಟೆ. ಜಾಗ ಸಾಲ್ಲಿಲ್ಲ,” ಅಂದ ಮುಳ್ಳಪ್ಪ.

“ಜಾಗ ಸಾಲದೆ ಇರೋದಲ್ಲ, ಮಾತು ಮಿಕ್ಕಿರೋದು. ಮೊಟ್ಟೆ ಎಲ್ಲಿಗೆ ಹೋಗತ್ತೆ? ಕಾವಿಗೆ. ಬರಿ, ಕಾವಿಗೆ. ಮೂರೇ ಅಕ್ಷರ. ಒಂದು ಪದ ಸಾಕಾಗೋ ಕಡೆ ಆರು ಪದ ಸುರಿಯೋದು ಅಕ್ಷರ ಜೋಡಿಸೋರಿಗೆ ಮಾಡೋ ಅನ್ಯಾಯ.”

ಮುಳ್ಳಪ್ಪ ಬೇರೆ ಅರ್ಜಿ ತೆಗೆದು ‘ಕಾವಿಗೆ’ ಅಂತ ಬರೆದ. ಚೌಕದ ನಡುವೆ ಅದು ಕೈಗಡಿಯಾರದ ಮುಖದ ಹಾಗೆ ಚೊಕ್ಕಟವಾಗಿ ಕಂಡಿತು. ಚೆನ್ನಾಗಿದೆ ಅಂತ ತನಗೆ ಅನ್ನಿಸಿತಲ್ಲ, ಆಮೇಲೆ ಅದನ್ನು ನೆನೆದಾಗೆಲ್ಲ ಅವನಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಆ ಮೊಟ್ಟೆಗಳನ್ನು ಅವತ್ತೇ ಬಿಡಿಸಿಕೊಂಡು ಬರಬೇಕಾಗಿತ್ತು. ಗಡಿಯಾಚೆ ಇರುವ ಷಡ್ಡಕ ಹನ್ನೆರಡು ಮೊಟ್ಟೆ ಕಳಿಸಿದ್ದ. ಆ ಜಾತಿಯ ಹುಂಜ ದಿನಾ ಒಂದೇ ನಿಮಿಷಕ್ಕೆ ಕೂಗುತ್ತದಂತೆ. ಮೋಡ ಇರಲಿ, ಮಂಜು ಇರಲಿ, ಹಿಂದಿಲ್ಲ ಮುಂದಿಲ್ಲ. ಗಡಿಯಾರದವನಿಗೆ ಇನ್ನೇನು ಬೇಕು. ಆದರೆ ಮೊಟ್ಟೆ ಇಟ್ಟು ಎಂಟು ದಿನ ಆಗಿಹೋಗಿತ್ತು. ಹತ್ತು ದಿನ ದಾಟಿದರೆ ಒಳಗಿನ ಜೀವದ ಆಸೆ ಬಿಡಬೇಕು. ನಾಳೆ, ನಾಡಿದ್ದು ಕಚೇರಿಗೆ ರಜೆ.

ಇತ್ತ ಹಿತ್ತಲಲ್ಲಿ ದೊಡ್ಡಮ್ಮ ಕೂತಿದ್ದಳು. ದೊಡ್ಡಮ್ಮ ಅಂದರೆ ಅವರ ಕಂದು ಕೋಳಿ. ಎರಡು ವರ್ಷ ಏನು ಮಾಡಿದರೂ ಕಾವಿಗೆ ಕೂರದವಳು ಈ ತಿಂಗಳು ತಾನಾಗಿ ಕೂತಿದ್ದಳು. ಮೊಟ್ಟೆ ಬರುವ ತನಕ ಏಳದಿರಲಿ ಅಂತ ಮುಳ್ಳಪ್ಪ ಅವಳ ಕೆಳಗೆ ಹಳೆ ಅಲಾರಂಗಳ ಗಂಟೆ ಬಟ್ಟಲು ಇಟ್ಟಿದ್ದ. ಅವಳು ಮಗ್ಗುಲು ಬದಲಿಸಿದಾಗೆಲ್ಲ ಟಿಣ್ ಅನ್ನುತ್ತಿತ್ತು. ಆ ಸದ್ದು ಕೇಳಿದರೆ ಅವನಿಗೆ ಸಮಾಧಾನ, ಹೆಂಡತಿಗೆ ತಲೆನೋವು.

“ಮಧ್ಯಾಹ್ನದೊಳಗೆ ಒಂದು ಸುದ್ದಿ ಕಳಿಸಿ,” ಅಂದಳು ಹೆಂಡತಿ ಬಾಗಿಲಲ್ಲಿ. “ಮೊಟ್ಟೆ ಸಿಗಲ್ಲ ಅಂದ್ರೆ ಇದನ್ನ ನಮ್ಮಮ್ಮ ಮಾಡ್ತಿದ್ದ ಹಾಗೆ ಬಕೆಟ್ಟಿಗೆ ಅದ್ದಿ ಎಬ್ಬಿಸ್ತೀನಿ. ಅನ್ನ ನೀರು ಬಿಟ್ಟು ಕಬ್ಬಿಣದ ಮೇಲೆ ಕೂತು ಸಾಯೋದು ನನ್ನ ಕೈಲಿ ನೋಡೋಕಾಗಲ್ಲ.”

“ಮುಟ್ಟಬೇಡ ಅದನ್ನ. ಮೊಟ್ಟೆ ತಂದೇ ತರ್ತೀನಿ.”

“ಇವರು ಸಿಟ್ಟಲ್ಲಿ ಮರೀತಾರೆ. ಮಾವ, ನೀವೇ ಕಳಿಸಿ.”

“ಚುಟುಕಾಗಿ ಕಳಿಸ್ತೀನಮ್ಮ,” ಅಂದರು ಕರಡು ಮಾವ, ಸ್ಕೂಟರಿಗೆ ಕಿಕ್ ಹೊಡೆಯುತ್ತ. ಅವರು ಬರುತ್ತಾರೆ ಅಂತ ಮುಳ್ಳಪ್ಪನಿಗೆ ಗೊತ್ತಾಗಿದ್ದೇ ಆಗ. ಆದರೆ ಸ್ಕೂಟರು ಅವರದು.

ಸುಂಕದ ಕಚೇರಿಯ ಹಜಾರ ಅಂಟಿನ ವಾಸನೆ, ಗೋಣಿತಾಟಿನ ವಾಸನೆ ಹೊಡೆಯುತ್ತಿತ್ತು. ಗೋಡೆ ಗಡಿಯಾರ ಹದಿನೇಳು ನಿಮಿಷ ಹಿಂದಿತ್ತು. ಮುಳ್ಳಪ್ಪನಿಗೆ ಮೊದಲ ಕಿಡಿ ಹಾರಿದ್ದು ಅಲ್ಲೇ. ಎರಡನೆಯದು, ಉಗ್ರಾಣದ ಹಮಾಲಿ ಮೊಟ್ಟೆಯ ಪೆಟ್ಟಿಗೆ ಹೊತ್ತು ತಂದಾಗ. ‘ಈ ಬದಿ ಮೇಲೆ’ ಅನ್ನುವ ಬಾಣ ನೆಟ್ಟಗೆ ನೆಲ ನೋಡುತ್ತಿತ್ತು.

“ತಲೆಕೆಳಗಾಗಿದೆ ಕಣಯ್ಯ.”

“ಮೊಟ್ಟೆಗೆ ತಲೆ ಎಲ್ಲಿರತ್ತೆ ಸ್ವಾಮಿ,” ಅಂದ ಹಮಾಲಿ, ನಿಜವಾಗಿ ತಿಳಿಯುವ ಆಸೆಯಿಂದ.

ನಾಲ್ಕನೇ ಕಿಟಕಿ ತಿನ್ನುವ ಸರಕಿನದು. ಮಫ್ಲರ್ ಸುತ್ತಿಕೊಂಡ ಗುಮಾಸ್ತನ ಮುಂದೆ ದಿಂಬಿನಷ್ಟು ದಪ್ಪನೆಯ ಪುಸ್ತಕ. ಪ್ರಪಂಚದಲ್ಲಿರುವ ಪ್ರತಿ ವಸ್ತುವಿಗೂ ಅದರಲ್ಲಿ ಒಂದೊಂದು ನಂಬರು. ಅದರಲ್ಲಿಲ್ಲದ ವಸ್ತು ಪ್ರಪಂಚದಲ್ಲೇ ಇಲ್ಲ ಅನ್ನುವುದು ಅಲ್ಲಿನ ನಂಬಿಕೆ.

“ಮೊಟ್ಟೆ. ತಿನ್ನೋಕೆ,” ಅಂತ ಗುಮಾಸ್ತ ಪೆನ್ನೆತ್ತಿದ.

“ತಿನ್ನೋಕಲ್ಲ.”

“ಮೊಟ್ಟೆ ತಿನ್ನೋಕಲ್ಲ ಅನ್ನೋರನ್ನ ಇವತ್ತೇ ನೋಡ್ತಿರೋದು. ಮತ್ತೆ ಯಾತಕ್ಕೆ?”

“ಬರೆದಿದೀನಿ. ಓದಿ.”

ಗುಮಾಸ್ತ ಓದಿದ. ತುಟಿ ಅಲ್ಲಾಡಿಸಿ ಇನ್ನೊಂದು ಸಲ ಓದಿದ. “ಕಾವಿಗೆ. ಓಹೋ, ಕಾವಿ. ಗೋಡೆಗೆ ಬಳೀತಾರಲ್ಲ, ಆ ಕೆಮ್ಮಣ್ಣಿನ ಬಣ್ಣ.”

“ಕಾವಿ ಅಲ್ಲ ರೀ, ಕಾವು.”

“ಇಲ್ಲಿ ‘ವಿ’ ಇದೆ. ನೀವೇ ಬರೆದಿರೋದು.”

“ರೀ, ಕಾವಿಗೆ ಅಂದ್ರೆ ಕಾವಿಗೆ ಅಲ್ಲ. ಕಾವಿಗೆ.”

ಹೇಳಿದ್ದು ತನ್ನ ಕಿವಿಗೇ ಬಿದ್ದು ಮುಳ್ಳಪ್ಪ ಬಾಯಿ ಮುಚ್ಚಿದ. ಕ್ಯೂನಲ್ಲಿ ಹಿಂದೆ ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು.

ಇಂಥ ಹೊತ್ತಲ್ಲಿ ಪಕ್ಕದಲ್ಲಿ ಒಬ್ಬರು ತಿಳಿದವರು ಇರಬೇಕು ಅನ್ನುತ್ತಾರೆ. ಇದ್ದರು.

“ಗುಮಾಸ್ತರು ಹೇಳಿದ್ದು ತಪ್ಪೇನಲ್ಲ,” ಅಂತ ಕರಡು ಮಾವ ಕಿಟಕಿಯೊಳಗೆ ತಲೆ ತೂರಿಸಿದರು. “ಕಾವು ಅನ್ನೋದಕ್ಕೆ ‘ಗೆ’ ಹತ್ತಿದ್ರೂ ಕಾವಿಗೆ. ಕಾವಿ ಅನ್ನೋದಕ್ಕೆ ‘ಗೆ’ ಹತ್ತಿದ್ರೂ ಕಾವಿಗೆ. ಎರಡೂ ಶುದ್ಧ. ಅಲ್ಲದೆ ಹಿಂದಿನ ಚಿತ್ರಗಾರರು ಬಣ್ಣಾನ ಮೊಟ್ಟೆ ಹಳದೀಲೇ ಕಲಸ್ತಿದ್ರು. ಅದರ ಮೇಲೆ ಒಂದು ಪುಸ್ತಕ, ಮುನ್ನೂರು ಪುಟ, ಕರಡು ನಾನೇ ನೋಡಿದ್ದು.”

ಗುಮಾಸ್ತನ ಮುಖ ಅರಳಿತು. ನಾಲ್ಕನೇ ಕಿಟಕಿಯಿಂದ ಒಂದು ಕೆಲಸ ದಾಟಿಹೋಗುವುದಕ್ಕಿಂತ ದೊಡ್ಡ ಸುಖ ನಾಲ್ಕನೇ ಕಿಟಕಿಗೆ ಇರಲಿಲ್ಲ. ಠಪ್ಪನೆ ಮುದ್ರೆ ಬಿತ್ತು: ‘ಬಣ್ಣ, ವಾರ್ನಿಷು, ಅಂಟು. ಒಂಬತ್ತನೇ ಕಿಟಕಿ.’

“ಮಾವ,” ಅಂದ ಮುಳ್ಳಪ್ಪ, ಹಲ್ಲಿನ ಸಂದಿಯಿಂದ, “ನೀವು ಯಾರ ಕಡೆ?”

“ವ್ಯಾಕರಣದ ಕಡೆ,” ಅಂದರು ಕರಡು ಮಾವ.

ಒಂಬತ್ತನೇ ಕಿಟಕಿಯ ಬಣ್ಣದ ಪರೀಕ್ಷಕ ಹನ್ನೊಂದು ವರ್ಷದಿಂದ ಒಂದೇ ಥರದ ಡಬ್ಬ ಅಲ್ಲಾಡಿಸಿ ಅಲ್ಲಾಡಿಸಿ ಬೇಸತ್ತಿದ್ದ. ಮೊಟ್ಟೆ ಕಂಡದ್ದೇ ಅವನ ಕಣ್ಣಲ್ಲಿ ದೀಪ ಹತ್ತಿತು. ಏಪ್ರನ್ ಕಟ್ಟಿಕೊಂಡ. ಗಾಜಿನ ಬಿಲ್ಲೆ ಒರೆಸಿದ. ಎಲ್ಲಿಂದಲೋ ಒಂದು ಪೊಟ್ಟಣ ಕಾವಿಪುಡಿಯನ್ನೂ ತಂದ.

“ಜಾಸ್ತಿ ಬೇಡ, ಎರಡು ಒಡೆದ್ರೆ ಸಾಕು. ಒಂದರ ಬಿಳಿ, ಒಂದರ ಹಳದಿ. ಪುಡಿ ಹಿಡೀತು ಅಂದ್ರೆ ಬಣ್ಣದ ಸರಕು ಅಂತ ಬರೆದು ಮಿಕ್ಕ ಹತ್ತನ್ನ ಬಿಟ್ಟುಬಿಡ್ತೀನಿ.”

“ಒಡೆಯೋ ಹಾಗಿಲ್ಲ.”

“ಒಡೆಯದೆ ಹೆಂಗ್ರೀ ಕಲಸೋದು?”

“ಕಲಸೋ ಹಾಗೂ ಇಲ್ಲ. ಇದ್ರಿಂದ ಮರಿ ಆಗ್ಬೇಕು.”

“ಮರಿ ಆಗೋದು ಬಣ್ಣ ವಿಭಾಗಕ್ಕೆ ಬರಲ್ಲ,” ಅಂದ ಪರೀಕ್ಷಕ, ಮಗುವಿಗೆ ಹೇಳುವ ಹಾಗೆ. “ಊಟ ಮುಗಿಸಿ ಬಂದು ಒಡೀತೀನಿ. ಕೂತಿರಿ.”

ಮುಳ್ಳಪ್ಪ ಬೆಂಚಿನ ಮೇಲೆ ಪೆಟ್ಟಿಗೆ ತಬ್ಬಿಕೊಂಡು ಕೂತ. ಸುತ್ತ ಜನ ಸೇರಿದರು. ಊಟದ ಹೊತ್ತಿನ ಕಚೇರಿಗೆ ಪರರ ಕಷ್ಟಕ್ಕಿಂತ ರುಚಿಯಾದ ನಂಚಿಕೆ ಇರುವುದಿಲ್ಲ. ಬಾಗಿಲ ಕಾವಲುಗಾರ, ಬಣ್ಣಕ್ಕೆ ಬಿಳಿಯೇ ಒಳ್ಳೆಯದು ಅಂದ. ಟೈಪಿಸ್ಟು ಹೆಂಗಸು, ಹಳದಿ ಬಾಳಿಕೆ ಬರುತ್ತದೆ ಅಂದಳು. ಹಮಾಲಿ ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, ಬೇಯಿಸಿದರೆ ತಲೆ ಎಲ್ಲಿದೆ ಅನ್ನುವುದು ಗೊತ್ತಾಗಬಹುದು ಅಂದ. ಮುಳ್ಳಪ್ಪ ಒಬ್ಬೊಬ್ಬರನ್ನೇ ನೋಡಿದ. ಅವನ ಕಿವಿ ಕೆಂಪಾಗಿತ್ತು, ಕುತ್ತಿಗೆಯ ನರ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿತ್ತು. ಎದುರಿಗೆ ಗೋಡೆ ಗಡಿಯಾರ ಈಗ ಹದಿನೆಂಟು ನಿಮಿಷ ಹಿಂದೆ ಬಿದ್ದು ಅವನನ್ನು ಅಣಕಿಸುತ್ತಿತ್ತು.

ಕರಡು ಮಾವ ಅವನ ಹಣೆ ಮುಟ್ಟಿ ನೋಡಿ ಸರಕ್ಕನೆ ಕೈ ಹಿಂದೆ ತೆಗೆದರು. “ಅಯ್ಯೋ, ದೋಸೆ ಹುಯ್ಯಬಹುದು. ಇರು, ನಿನ್ನ ಹೆಂಡತಿಗೆ ಸುದ್ದಿ ಕಳಿಸೋದೂ ಬಾಕಿ ಇದೆ.” ಮೊಬೈಲು ತೆಗೆದು ಒಂದೊಂದೇ ಅಕ್ಷರ ಒತ್ತಿದರು. ಅಳಿಸಿದರು. ಮತ್ತೆ ಒತ್ತಿದರು. “ಹದಿನಾಲ್ಕು ಪದ ಇತ್ತು, ಐದಕ್ಕೆ ಇಳಿಸಿದೆ,” ಅಂದರು ತೃಪ್ತಿಯಿಂದ.

“ಏನಂತ ಕಳಿಸಿದ್ರಿ?”

ಅಷ್ಟರಲ್ಲಿ ಪರೀಕ್ಷಕ ಬಾಯಿ ಒರೆಸಿಕೊಳ್ಳುತ್ತ ಬಂದ. ಬಂದವನೇ ಪೆಟ್ಟಿಗೆಗೆ ಕೈ ಹಾಕಿ ಒಂದು ಮೊಟ್ಟೆ ಎತ್ತಿದ. ಇನ್ನೊಂದು ಕೈಯಲ್ಲಿ ಚಮಚ.

“ಕೆಳಗಿಡ್ರೀ ಅದನ್ನ.”

ಮುಳ್ಳಪ್ಪ ಕೂಗಲಿಲ್ಲ. ಆದರೆ ಹಜಾರದ ಆ ತುದಿಯಲ್ಲಿ ಮುದ್ರೆ ಹೊಡೆಯುತ್ತಿದ್ದವನ ಕೈ ಗಾಳಿಯಲ್ಲೇ ನಿಂತಿತು.

“ಬೆಳಿಗ್ಗೆಯಿಂದ ನೋಡ್ತಿದೀನಿ. ಒಬ್ಬ ತಿನ್ನೋಕೆ ಅಂತಾನೆ, ಒಬ್ಬ ಬಳಿಯೋಕೆ ಅಂತಾನೆ. ಕೋಳಿ ಮೊಟ್ಟೆ ಇಡೋದು ಯಾಕೆ ಅಂತ ಈ ಕಟ್ಟಡದಲ್ಲಿ ಒಬ್ಬರಿಗೂ ಗೊತ್ತಿಲ್ವಾ? ನೀವೆಲ್ಲ ಹುಟ್ಟಿದ್ದಾದ್ರೂ ಹೇಗೆ, ಅರ್ಜಿ ಕೊಟ್ಟಾ? ಆ ಚಮಚ ತಾಗಿಸಿ ನೋಡಿ. ಆ ಗೋಡೆ ಗಡಿಯಾರ ಕಿತ್ತು ತಂದು, ಅದರ ಚಕ್ರ ಒಂದೊಂದಾಗಿ ನಿಮ್ಮ ಬಾಯಿಗೆ ಹಾಕ್ತೀನಿ. ಅದು ಹೆಂಗೂ ಇಲ್ಲಿ ಯಾರಿಗೂ ಬೇಕಾಗಿಲ್ಲ.”

ಪರೀಕ್ಷಕ ಮೊಟ್ಟೆಯನ್ನು ಮಲಗಿದ ಕೂಸಿನ ಹಾಗೆ ಪೆಟ್ಟಿಗೆಗಿಟ್ಟ. ಎರಡು ನಿಮಿಷದಲ್ಲಿ ಕಾವಲುಗಾರ ಮುಳ್ಳಪ್ಪನನ್ನೂ ಪೆಟ್ಟಿಗೆಯನ್ನೂ ದೊಡ್ಡ ಮೇಡಂ ಕೋಣೆಗೆ ಕರೆದೊಯ್ದ. ಕರಡು ಮಾವ ಕರೆಯದೆಯೂ ಬಂದರು.

ದೊಡ್ಡ ಮೇಡಂ ಕುರ್ಚಿಗಿಂತ ಚಿಕ್ಕವರು. ಕನ್ನಡಕ ದಾರದಲ್ಲಿ ಎದೆ ಮೇಲೆ ನೇತಾಡುತ್ತಿತ್ತು. “ಅರ್ಜಿ ಬಿಡಿ. ಬಾಯಲ್ಲಿ ಹೇಳಿ. ಈ ಮೊಟ್ಟೆ ಯಾತಕ್ಕೆ?”

“ನಮ್ಮ ಕೋಳಿ ಹೊಟ್ಟೆ ಅಡಿ ಇಟ್ಟು ಮರಿ ಮಾಡಿಸೋಕೆ ತಾಯಿ.”

“ಇದನ್ನ ಅರ್ಜೀಲಿ ಬರೆಯೋಕೆ ಏನಾಗಿತ್ತು?”

ಮುಳ್ಳಪ್ಪ ಕರಡು ಮಾವನ ಕಡೆ ನೋಡಿದ. ಕರಡು ಮಾವ ಚಾವಣಿಯ ಫ್ಯಾನಿನಲ್ಲಿ ಏನೋ ತಪ್ಪು ಹುಡುಕುತ್ತಿದ್ದರು.

ಮೇಡಂ ಅದೇ ದಪ್ಪ ಪುಸ್ತಕ ತಿರುವಿದರು. “ಇದೆಯಲ್ಲ. ಮರಿ ಮಾಡಿಸಲು ತಂದ ಫಲಿತ ಮೊಟ್ಟೆ, ಬೇರೆ ನಂಬರು. ಒಳಗೆ ಜೀವ ಇದೆ ಅಂತ ತೋರಿಸಿ, ತಗೊಂಡು ಹೋಗಿ.”

“ಮೊಟ್ಟೆ ಒಳಗಿರೋದನ್ನ ಹೊರಗೆ ಹೆಂಗೆ ತೋರಿಸ್ಲಿ? ಐದಾರು ದಿನ ಕಾವು ಕೊಟ್ಟು ದೀಪಕ್ಕೆ ಹಿಡಿದ್ರೆ ನರ ಕಾಣ್ತವೆ.”

“ಹಾಗಾದ್ರೆ ಕಾವು ಕೊಟ್ಟು ತನ್ನಿ.”

“ಕೊಡೋಕೆ ಮೊಟ್ಟೆ ಬಿಡ್ಬೇಕು.”

“ಬಿಡೋಕೆ ಜೀವ ಇದೆ ಅಂತ ಗೊತ್ತಾಗ್ಬೇಕು.”

ಇಬ್ಬರೂ ಗಡಿಯಾರದ ಎರಡು ಮುಳ್ಳಿನ ಹಾಗೆ ಒಂದು ಸುತ್ತು ಹಾಕಿ ಹನ್ನೆರಡಕ್ಕೇ ಬಂದು ನಿಂತಿದ್ದರು.

“ಕಳಿಸಿದ ಕಡೆ ಪಶುವೈದ್ಯರು ಬರೆದುಕೊಟ್ಟ ಪತ್ರ ಇರ್ಬೇಕಲ್ಲ,” ಅಂದರು ಮೇಡಂ.

“ಇದೆ. ಬೆಳಿಗ್ಗೆ ಅರ್ಜಿ ಜೊತೆ ಪಿನ್ನು ಚುಚ್ಚಿದ್ದೆ.” ಮುಳ್ಳಪ್ಪ ಅರ್ಜಿ ತಿರುಗಿಸಿದ. ಪಿನ್ನು ಇತ್ತು. ಪತ್ರ ಇರಲಿಲ್ಲ.

ಕರಡು ಮಾವ ಕೆಮ್ಮಿದರು. ಒಳಜೇಬಿನಿಂದ ನಾಲ್ಕಾಗಿ ಮಡಚಿದ ಕಾಗದ ಹೊರಬಂತು. “ಐದು ಕಾಗುಣಿತದ ತಪ್ಪಿತ್ತು. ಹಾಗೇ ಕೊಟ್ಟಿದ್ರೆ ಓಣಿಯ ಮಾನ ಹೋಗ್ತಿತ್ತು. ನಿಧಾನಕ್ಕೆ ತಿದ್ದಿ ಕೊಡೋಣ ಅಂತ...”

ಮುಳ್ಳಪ್ಪ ಕಾಗದವನ್ನು ಅವರ ಕೈಯಿಂದ ಕಿತ್ತು ಮೇಜಿನ ಮೇಲೆ ಹರಡಿದ.

“ಪೆನ್ನೋ ಪೆನ್ಸಿಲ್ಲೋ?” ಅಂತ ಕೇಳಿದರು ಮೇಡಂ.

“ಪೆನ್ಸಿಲು.”

“ಬದುಕಿದ್ರಿ.” ಮೇಡಂ ರಬ್ಬರು ತಗೊಂಡು ತಾವೇ ಉಜ್ಜಿದರು. ನಾಲ್ಕು ತಿದ್ದುಪಡಿ ಅಳಿಸಿ, ಐದನೆಯದನ್ನು ಒಂದು ಕ್ಷಣ ನೋಡಿ, ಸರಿಯಾಗಿದೆ ಅನ್ನಿಸಿ ಹಾಗೇ ಬಿಟ್ಟರು. ಆಮೇಲೆ ಅರ್ಜಿ ಎಳೆದುಕೊಂಡು, ಹನ್ನೊಂದನೇ ಚೌಕದಲ್ಲಿ ‘ಕಾವಿಗೆ’ ಹೊಡೆದುಹಾಕಿ, ಅದರ ಪಕ್ಕ ‘ಮರಿ ಮಾಡಿಸಲು’ ಅಂತ ಸಣ್ಣಕ್ಷರದಲ್ಲಿ ಬರೆದು ಮುದ್ರೆ ಒತ್ತಿದರು. ಬರೆದ ಮೇಲೂ ಇನ್ನೊಂದು ಪದಕ್ಕೆ ಜಾಗ ಉಳಿದಿತ್ತು. ಅದನ್ನು ಕಂಡು ಮುಳ್ಳಪ್ಪನ ಸಿಟ್ಟು ಹೊಸದಾಗಿ ಹುಟ್ಟಿತು.

ವಾಪಸು ಬರುವಾಗ ಹೊತ್ತು ಇಳಿಯುತ್ತಿತ್ತು. ಕರಡು ಮಾವ ಸ್ಕೂಟರನ್ನು ನಡೆಯುವ ಮನುಷ್ಯನ ವೇಗದಲ್ಲಿ ಬಿಟ್ಟರು, ಮೊಟ್ಟೆಯ ಮೇಲಿನ ಗೌರವದಿಂದ. ಹಿಂದೆ ಕೂತ ಮುಳ್ಳಪ್ಪನ ತೊಡೆಯ ಮೇಲೆ ಪೆಟ್ಟಿಗೆ. ಸಿಟ್ಟು ಇಳಿದಿರಲಿಲ್ಲ, ಮೊಟ್ಟೆ ದೊಡ್ಡಮ್ಮನ ಕೆಳಗೆ ಸೇರಲಿ, ಆಮೇಲೆ ಈ ಮುದುಕನಿಗೆ ಇದೆ ಅಂತ ಅದನ್ನು ಮಡಚಿ ಇಟ್ಟುಕೊಂಡಿದ್ದ.

ಗೇಟು ತೆಗೆದಾಗ ಹಿತ್ತಲಿಂದ ಟಿಣ್ ಅನ್ನುವ ಸದ್ದು ಬರಲಿಲ್ಲ.

ಕಟ್ಟೆಯ ಮೇಲೆ ಗಂಟೆ ಬಟ್ಟಲುಗಳನ್ನು ತೊಳೆದು ಬೋರಲು ಹಾಕಿತ್ತು, ಸಾಲಾಗಿ. ಅಂಗಳದ ನಡುವೆ ಬಕೆಟ್ಟು. ಅದರಾಚೆ ದೊಡ್ಡಮ್ಮ. ನೆನೆದು ಅರ್ಧಕ್ಕರ್ಧ ಸಣ್ಣಗಾಗಿ, ಗರಿಯೆಲ್ಲ ಮೈಗಂಟಿ, ಒರೆಸುವ ಬಟ್ಟೆ ಹಿಂಡಿಟ್ಟ ಹಾಗೆ ಕಾಣುತ್ತಿದ್ದಳು. ಆದರೆ ಬಹಳ ಗೆಲುವಾಗಿ ಹುಳ ಕೆದಕುತ್ತಿದ್ದಳು.

“ನೋಡಿ, ಎಷ್ಟು ದಿನದ ಮೇಲೆ ಓಡಾಡ್ತಿದೆ,” ಅಂತ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಪೆಟ್ಟಿಗೆ ಕಂಡಳು. ಅಲ್ಲೇ ನಿಂತಳು. “ಮೊಟ್ಟೆ ಸಿಕ್ತಾ?”

“ಏನೇ ಮಾಡ್ದೆ?”

“ನೀವು ಹೇಳಿದ್ದನ್ನೇ ಮಾಡ್ದೆ.”

“ನಾನೇನು ಹೇಳ್ದೆ?”

ಹೆಂಡತಿ ಮೊಬೈಲು ತಂದು ಅವನ ಮುಖಕ್ಕೆ ಹಿಡಿದಳು. ಕರಡು ಮಾವನ ಸುದ್ದಿ. ಐದೇ ಪದ, ಒಂದೂ ತಪ್ಪಿಲ್ಲ: ‘ಕಾವು ವಿಪರೀತ. ತಣ್ಣೀರಿನಿಂದ ಕೂಡಲೇ ಇಳಿಸಿ.’

“ಮೊಟ್ಟೆ ಸಿಗಲಿಲ್ಲ, ಕೋಳಿ ಎಬ್ಬಿಸು ಅಂತ ಅಲ್ವಾ ಇದು? ಇನ್ನೇನು? ಕೂಡಲೇ ಅಂತ ಬೇರೆ ಇತ್ತು. ಒಲೆ ಮೇಲಿದ್ದದ್ದು ಕೆಳಗಿಟ್ಟು ಓಡಿ ಬಂದು ಮೂರು ಸಲ ಅದ್ದಿದೆ.”

ಮುಳ್ಳಪ್ಪ ನಿಧಾನವಾಗಿ ತಿರುಗಿದ.

ಕರಡು ಮಾವ ತಮ್ಮ ಸುದ್ದಿಯನ್ನು ತಾವೇ ಎರಡು ಸಲ ಓದಿದರು. “ಅದು ಕೋಳಿ ಬಗ್ಗೆ ಅಲ್ಲಮ್ಮ. ಇವನ ಬಗ್ಗೆ. ಹಣೆ ಮುಟ್ಟಿದ್ರೆ ಸುಡ್ತಿತ್ತು. ಕೋಪ ಅಂತ ಬರೆದ್ರೆ ಜ್ವರ ಬಿಟ್ಟುಹೋಗತ್ತೆ, ಜ್ವರ ಅಂತ ಬರೆದ್ರೆ ಕೋಪ ಬಿಟ್ಟುಹೋಗತ್ತೆ. ಎರಡೂ ಸೇರಿ ಒಂದೇ ಪದದಲ್ಲಿ ಬರಲಿ ಅಂತ ಕಾವು ಅಂದೆ. ಮನೆಗೆ ಬಂದ ಕೂಡಲೇ ಇವನ ತಲೆ ಮೇಲೆ ಒಂದು ಚೊಂಬು ಸುರೀಲಿ ಅಂತ.”

ಮುಳ್ಳಪ್ಪ ಒಂದು ಮೊಟ್ಟೆ ತೆಗೆದು ದೊಡ್ಡಮ್ಮನ ಮುಂದಿಟ್ಟ. ದೊಡ್ಡಮ್ಮ ಅದನ್ನು ಪಕ್ಕದ ಮನೆಯವರ ಬಟ್ಟೆ ತನ್ನ ಹಗ್ಗದ ಮೇಲೆ ಬಿದ್ದ ಹಾಗೆ ಒಂದು ಸಲ ನೋಡಿ, ಮೈ ಕೊಡವಿ, ಅವನ ಪಂಚೆಗೆ ನೀರು ಹಾರಿಸಿ ಬೇಲಿಯ ಕಡೆ ಹೋದಳು.

“ಬಲ್ಬಿನ ಪೆಟ್ಟಿಗೆ ಮಾಡ್ಬಹುದು,” ಅಂದ ಮುಳ್ಳಪ್ಪ ಕೊನೆಗೆ. “ತಾಮ್ರದ ಪಟ್ಟಿ, ಬಲ್ಬು, ಒಂದು ಸ್ವಿಚ್ಚು. ಆದ್ರೆ ಅಂಗಡಿಗೂ ರಜೆ, ತೆಗೆಯೋದು ನಾಡಿದ್ದು ಕಳೆದು. ಅಲ್ಲೀತನಕ ಇಡೋದೆಲ್ಲಿ? ಕಾವು ಸಿಗದೆ ಹತ್ತು ದಿನ ದಾಟಿದ್ರೆ ಮುಗೀತು. ಹನ್ನೆರಡೂ ಮುಗೀತು.”

ಹೆಂಡತಿಗೆ ಪಾಪ ಅನ್ನಿಸಿತು. ಸಮಾಧಾನ ಮಾಡಲು ಅವನ ಹಣೆ ಸವರಿದಳು. ಸವರಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. ಹಿಂಗೈಯಲ್ಲಿ ಕುತ್ತಿಗೆ ಮುಟ್ಟಿದಳು, ಅಂಗೈ ಮುಟ್ಟಿದಳು. ಪೆಟ್ಟಿಗೆ ನೋಡಿದಳು. ಮತ್ತೆ ಗಂಡನ ಮುಖ ನೋಡಿದಳು.

“ಬೇಡ,” ಅಂದ ಮುಳ್ಳಪ್ಪ.

ಅವಳು ಒಳಗೆ ಹೋಗಿ ಉಣ್ಣೆಯ ಕಂಬಳಿ ತಂದಳು.

ಕಾಲು ಗಂಟೆಯ ಮೇಲೆ ಮುಳ್ಳಪ್ಪ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ. ಮಡಿಲಲ್ಲಿ ಹನ್ನೆರಡು ಮೊಟ್ಟೆ, ಮೇಲೆ ಕಂಬಳಿ. ಏಳುವ ಹಾಗಿಲ್ಲ, ಕಾಲು ಚಾಚುವ ಹಾಗಿಲ್ಲ, ಎದುರಿಗಿದ್ದ ಮುದುಕನನ್ನು ಹಿಡಿದು ಅಲ್ಲಾಡಿಸುವ ಹಾಗಂತೂ ಇಲ್ಲವೇ ಇಲ್ಲ. ಕರಡು ಮಾವ ಚಪ್ಪಲಿ ಮೆಟ್ಟಿಕೊಳ್ಳುತ್ತ, “ನಾನಿನ್ನು ಬರ್ತೀನಿ, ಇವತ್ತು ಬಹಳ ಓಡಾಟ ಆಯ್ತು,” ಅಂದರು.

“ಎಲ್ಲಿಗೆ ಹೋಗ್ತೀರಿ ಮಾವ,” ಅಂತ ಹೆಂಡತಿ ಅವರಿಗೆ ಮಣೆ ಹಾಕಿದಳು. “ನೀವು ಇಲ್ಲೇ, ಇವರ ಎದುರಿಗೇ ಕೂತು ಮಾತಾಡ್ತಾ ಇರಿ. ಇವರು ಆರಬಾರದು.”